ಜಪಾನಿ ಕಲಿಯೋಕೆ ಯಾವ ಹಬ್ಬದಿಂದ ಶುರು ಮಾಡೋದು?

ಆವತ್ತು ಡಿಸೆಂಬರ್ 27. ವಿಡಿಯೋ ಕಾಲ್‌ನಲ್ಲಿ ಆ ಕಡೆ ಜಪಾನಿನ ಐದು ಜನ, ಈ ಕಡೆ ನಾವು ನಾಲ್ವರು. ಕೆಲಸದ ಮಾತೆಲ್ಲ ಮುಗಿದಿತ್ತು. ಇನ್ನೇನು ಕಾಲ್ ಕಟ್ ಮಾಡಬೇಕು, ಅಷ್ಟರಲ್ಲಿ ನಾನು ದೊಡ್ಡ ಜಾಣನ ಹಾಗೆ ‘ಅಕೆಮಾಶಿತೆ ಒಮೆದೆತೋ ಗೊಝಾಯಿಮಸು’ ಅಂದೆ. ಹೊಸ ವರ್ಷದ ಶುಭಾಶಯ. ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಅವರಲ್ಲಿ ಹಿರಿಯರೊಬ್ಬರು ನಗುತ್ತಾ ‘ಮದಾ ಹಯಾಯ್ ದೆಸು’ ಅಂದರು. ಇನ್ನೂ ಟೈಮ್ ಆಗಿಲ್ಲ ಅಂತ.

‘ಅಕೆಮಾಶಿತೆ’ ಅಂದರೆ ವರ್ಷ ತೆರೆದುಕೊಂಡಿತು ಅಂತ ಅರ್ಥ. ಬೆಳಕು ಹರಿಯುವುದಕ್ಕೂ ಇದೇ ಕ್ರಿಯಾಪದ. ಡಿಸೆಂಬರ್ 27ಕ್ಕೆ ವರ್ಷ ಎಲ್ಲಿ ಹರಿದಿತ್ತು? ಆವತ್ತು ಹೇಳಬೇಕಾಗಿದ್ದ ಮಾತು ‘ಯೊಯ್ ಒತೊಶಿ ಒ’. ಒಳ್ಳೆಯ ವರ್ಷವನ್ನು ಬರಮಾಡಿಕೊಳ್ಳಿ ಅನ್ನುವುದರ ಚಿಕ್ಕ ರೂಪ. ನಾನು ಆ ಹೊತ್ತಿಗೆ ಜಪಾನಿ ಭಾಷೆಯ ಜೆಎಲ್‌ಪಿಟಿ ಪರೀಕ್ಷೆಯ ಮೊದಲ ಹಂತವಾದ ಎನ್5 ಪಾಸಾಗಿದ್ದೆ, ವ್ಯಾಕರಣವೂ ಪರವಾಗಿಲ್ಲ ಅನ್ನುವಷ್ಟಿತ್ತು. ಗೊತ್ತಿಲ್ಲದೇ ಇದ್ದದ್ದು ಕ್ಯಾಲೆಂಡರ್.

ಅದಕ್ಕೇ ಯಾರಾದರೂ ‘ಜಪಾನಿ ಕಲೀಬೇಕು, ಹೇಗೆ ಶುರು ಮಾಡ್ಲಿ’ ಅಂತ ಕೇಳಿದರೆ ನಾನು ಎರಡು ದಾರಿ ಹೇಳುತ್ತೇನೆ.

ಪುಸ್ತಕದ ದಾರಿ, ಕ್ಯಾಲೆಂಡರ್ ದಾರಿ

ನಮ್ಮಲ್ಲಿ ಹೆಚ್ಚಿನ ಕ್ಲಾಸುಗಳು ‘ಮಿನ್ನ ನೊ ನಿಹೊಂಗೊ’ ಪುಸ್ತಕ ಹಿಡಿದು ನಡೆಯುತ್ತವೆ. ಆರಂಭದ ಎರಡು ಭಾಗಗಳಲ್ಲಿ ಒಟ್ಟು 50 ಪಾಠ. ಮೆಟ್ಟಿಲು ಹತ್ತಿದ ಹಾಗೆ ಒಂದರ ಮೇಲೊಂದು ವಾಕ್ಯರಚನೆ ಬರುತ್ತದೆ. ಪರೀಕ್ಷೆ ಬರೆಯುವವರಿಗೆ ಇದಕ್ಕಿಂತ ಸಲೀಸಾದ ದಾರಿ ಇಲ್ಲ. ಆದರೆ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಮಾತಾಡಿಸುವುದೇ ಇಲ್ಲ. ಓದುವುದು, ಕೇಳಿಸಿಕೊಳ್ಳುವುದು, ಸರಿ ಉತ್ತರಕ್ಕೆ ಗುರುತು ಹಾಕುವುದು, ಅಷ್ಟೇ. ಹಾಗಾಗಿ ಪಾಸಾದವರು ಮಾತಿಗೆ ನಿಂತಾಗ ತಡವರಿಸುವುದು ಮಾಮೂಲು.

ಕ್ಯಾಲೆಂಡರ್ ದಾರಿಯಲ್ಲಿ ತಿಂಗಳಿಗೊಂದು ಹಬ್ಬ ಹಿಡಿಯುತ್ತೀರಿ. ಆ ಹಬ್ಬದಲ್ಲಿ ಏನು ತಿನ್ನುತ್ತಾರೆ, ಏನು ಕೂಗುತ್ತಾರೆ, ಏನು ಬರೆಯುತ್ತಾರೆ, ಅದನ್ನೇ ಕಲಿಯುತ್ತೀರಿ. ಕಲಿತದ್ದು ಮರೆಯುವುದಿಲ್ಲ, ಮಾತಿಗೂ ಒಂದು ನೆಪ ಸಿಗುತ್ತದೆ. ಕಷ್ಟ ಏನೆಂದರೆ ವ್ಯಾಕರಣ ಎಲ್ಲೆಲ್ಲೋ ಚೆಲ್ಲಿಕೊಂಡಿರುತ್ತದೆ. 5ನೇ ಪಾಠದ್ದೂ 40ನೇ ಪಾಠದ್ದೂ ಒಂದೇ ದಿನ ಎದುರಾಗುತ್ತವೆ.

ನನ್ನ ಮಾತು ಕೇಳುವುದಾದರೆ ಪುಸ್ತಕ ಬಿಡಬೇಡಿ. ಅದರ ಪಕ್ಕದಲ್ಲಿ ಒಂದು ಹಬ್ಬ ಇಟ್ಟುಕೊಳ್ಳಿ. ಒಂದೇ ಒಂದು. ವರ್ಷದ ಎಲ್ಲ ಹಬ್ಬ ಹಿಡಿಯಲು ಹೋದವರು ಮಾರ್ಚ್ ಹೊತ್ತಿಗೆ ಸುಸ್ತಾಗಿ ಬಿಟ್ಟಿದ್ದನ್ನು ನೋಡಿದ್ದೇನೆ.

ಹಬ್ಬ ಅಂದಾಗ ಇನ್ನೊಂದು ಗೊಂದಲ ಇದೆ. ಜಪಾನಿನಲ್ಲಿ ವರ್ಷಕ್ಕೆ 16 ಸರ್ಕಾರಿ ರಜಾದಿನಗಳಿವೆ. ಸಮುದ್ರದ ದಿನ, ಹಿರಿಯರ ದಿನ, ಸಂವಿಧಾನದ ದಿನ, ಹೀಗೆ. 2016ರಿಂದ ಆಗಸ್ಟ್ 11ಕ್ಕೆ ಪರ್ವತದ ದಿನವೂ ಸೇರಿಕೊಂಡಿತು. ಇವನ್ನು ‘ಶುಕುಜಿತ್ಸು’ ಅನ್ನುತ್ತಾರೆ. ಆದರೆ ಜನ ನಿಜವಾಗಿ ಮನೆಯಲ್ಲಿ ಮಾಡುವ ಸೆತ್ಸುಬುನ್, ಗೊಂಬೆ ಹಬ್ಬ, ತನಬತ, ಓಬೋನ್ ಇವು ಯಾವುವೂ ಆ ಪಟ್ಟಿಯಲ್ಲಿಲ್ಲ. ಭಾಷೆ ಇರುವುದು ಈ ರಜೆ ಇಲ್ಲದ ಹಬ್ಬಗಳಲ್ಲಿ. ಪರ್ವತದ ದಿನಕ್ಕೆ ಯಾರೂ ಏನೂ ಕೂಗುವುದಿಲ್ಲ.

ಹಿರಗಾನ ಲಿಪಿಯನ್ನು ಮಾತ್ರ ಮೊದಲೇ ಮುಗಿಸಿಕೊಂಡುಬಿಡಿ. ಕನ್ನಡದವರಿಗೆ ಅದು ದೊಡ್ಡ ಕೆಲಸವಲ್ಲ. ಅ, ಇ, ಉ, ಎ, ಒ ಆದಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಈ ಸಾಲು ನಮ್ಮ ವರ್ಣಮಾಲೆಯ ಹಾಗೇ ಕೇಳಿಸುತ್ತದೆ ಅಲ್ವಾ? ಬೌದ್ಧ ಭಿಕ್ಷುಗಳ ಮೂಲಕ ಸಂಸ್ಕೃತದ ಅಕ್ಷರಕ್ರಮ ಅಲ್ಲಿಗೆ ಹೋಗಿ ಹೀಗಾಗಿದೆ. ಇನ್ನು ಹ್ರಸ್ವ, ದೀರ್ಘ, ಒತ್ತಕ್ಷರದ ವಿಷಯ. ‘ಒಬಸಾನ್’ ಅಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸಾನ್’ ಅಂದರೆ ಅಜ್ಜಿ. ‘ಕಿತೆ’ ಅಂದರೆ ಬಂದು, ‘ಕಿತ್ತೆ’ ಅಂದರೆ ಅಂಚೆಚೀಟಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಕಲಿಯುವವರು ಇಲ್ಲಿ ಒದ್ದಾಡುತ್ತಾರೆ. ನೀವು ನೋಟ್ಸನ್ನು ಕನ್ನಡದಲ್ಲೇ ಬರೆದುಕೊಳ್ಳಿ.

ಸೆತ್ಸುಬುನ್: ಮೊದಲ ದಿನವೇ ಮಾಡಬಹುದಾದ್ದು

ಫೆಬ್ರವರಿ 3ರ ಆಸುಪಾಸು. 2025ರಲ್ಲಿ 2ನೇ ತಾರೀಕು ಬಂದಿತ್ತು. ಚಳಿಗಾಲ ಮುಗಿಯಿತು ಅಂತ ಹುರಿದ ಸೋಯಾ ಕಾಳು ಎರಚಿ ದೆವ್ವ ಓಡಿಸುವ ಹಬ್ಬ. ಸಾಮಾನ್ಯವಾಗಿ ಅಪ್ಪನೇ ಕೊಂಬಿನ ಮುಖವಾಡ ಹಾಕಿಕೊಂಡು ದೆವ್ವ ಆಗುತ್ತಾನೆ, ಮಕ್ಕಳು ಅಟ್ಟಿಸಿಕೊಂಡು ಹೋಗಿ ಕಾಳಲ್ಲಿ ಹೊಡೆಯುತ್ತಾರೆ. ಹೊಡೆಯುವಾಗ ಕೂಗುವುದು: ‘ಓನಿ ವಾ ಸೊತೊ, ಫುಕು ವಾ ಉಚಿ!’

ಓನಿ ದೆವ್ವ, ಸೊತೊ ಹೊರಗೆ, ಫುಕು ಭಾಗ್ಯ, ಉಚಿ ಒಳಗೆ. ‘ದೆವ್ವ ಹೊರಗೆ, ಭಾಗ್ಯ ಒಳಗೆ.’ ಕನ್ನಡದಲ್ಲೂ ಇಲ್ಲಿ ಕ್ರಿಯಾಪದ ಬೇಡ, ಜಪಾನಿಯಲ್ಲೂ ಬೇಡ. ನಡುವಿನ ‘ವಾ’ ಇದೆಯಲ್ಲ, ಅದು ಇಡೀ ಭಾಷೆಯ ಮೊದಲ ಬಾಗಿಲು. ದೆವ್ವದ ವಿಷಯಕ್ಕೆ ಬಂದರೆ ಹೊರಗೆ, ಭಾಗ್ಯದ ವಿಷಯಕ್ಕೆ ಬಂದರೆ ಒಳಗೆ. ಕೇಳುವುದು ‘ವಾ’, ಬರೆಯುವುದು ಮಾತ್ರ ‘ಹ’ ಅಕ್ಷರ. ಪುಸ್ತಕದ ಮೊದಲ ಪಾಠದಲ್ಲಿ ಇದನ್ನು ಅರ್ಧ ಪುಟ ವಿವರಿಸುತ್ತಾರೆ. ಕಾಳು ಎರಚಿದವರಿಗೆ ವಿವರಣೆ ಬೇಕಾಗುವುದಿಲ್ಲ.

ಆಮೇಲೆ ವಯಸ್ಸು ಎಷ್ಟೋ ಅಷ್ಟು ಕಾಳು ಎಣಿಸಿ ತಿನ್ನಬೇಕು. ಹಿತೊತ್ಸು, ಫುತತ್ಸು, ಮಿತ್ತ್ಸು ಅಂತ ಹತ್ತರವರೆಗಿನ ಎಣಿಕೆ ಬಾಯಿಗೆ ಬರುತ್ತದೆ. ಸೋಯಾ ಕಾಳು ಸಿಗದಿದ್ದರೆ ಹುರಿಗಡಲೆ ಸಾಕು. ಮನೆಯಲ್ಲಿ ಮಕ್ಕಳಿದ್ದರೆ ಯೋಚನೆಯೇ ಬೇಡ, ಇದರಿಂದಲೇ ಶುರು ಮಾಡಿ. ಖರ್ಚು ಇಪ್ಪತ್ತು ರೂಪಾಯಿ, ಗುಡಿಸುವ ಕೆಲಸ ಬೇರೆ. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದು ದೆವ್ವವನ್ನು ವಾಪಸ್ ಕಳಿಸಿದ ನಾಡಿನವರಿಗೆ ಈ ಹಬ್ಬ ಹೊಸದೇನಲ್ಲ.

ಅದೇ ದಿನ ‘ಎಹೋಮಾಕಿ’ ಅನ್ನುವ ದಪ್ಪ ಸುಶಿ ಉರುಳೆಯನ್ನು ಆ ವರ್ಷದ ಶುಭ ದಿಕ್ಕಿಗೆ ಮುಖ ಮಾಡಿ ತಿನ್ನುವ ರೂಢಿಯೂ ಇದೆ. ಭಾಷೆ ಕಲಿಯುವವರಿಗೆ ಅದರಿಂದ ಲಾಭವಿಲ್ಲ. ತಿಂದು ಮುಗಿಯುವ ತನಕ ಮಾತಾಡುವ ಹಾಗಿಲ್ಲ!

ಹಿನಾಮತ್ಸುರಿ: ಎಣಿಕೆ ಬಾರದವರಿಗೆ

ಮಾರ್ಚ್ 3, ಹೆಣ್ಣುಮಕ್ಕಳ ಹಬ್ಬ. ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳ ಮೇಲೆ ಗೊಂಬೆ ಕೂರಿಸುತ್ತಾರೆ. ಮೈಸೂರು ಕಡೆಯವರು ಚಿತ್ರ ನೋಡಿದ ಕೂಡಲೇ ‘ಅಯ್ಯೋ, ಇದು ನಮ್ಮ ದಸರಾ ಗೊಂಬೆ’ ಅನ್ನುತ್ತಾರೆ. ನಮ್ಮ ಪಟ್ಟದ ಗೊಂಬೆಗಳ ಹಾಗೇ ಅಲ್ಲೂ ಮೇಲಿನ ಮೆಟ್ಟಿಲಲ್ಲಿ ಒಂದು ಜೋಡಿ, ಚಕ್ರವರ್ತಿ ಮತ್ತು ರಾಣಿ. ಏಳು ಮೆಟ್ಟಿಲಿನ ಪೂರ್ತಿ ಜೋಡಣೆಯಲ್ಲಿ 15 ಗೊಂಬೆಗಳಿರುತ್ತವೆ. ಈಗಿನ ಸಣ್ಣ ಮನೆಗಳಲ್ಲಿ ಮೇಲಿನ ಜೋಡಿಯನ್ನು ಮಾತ್ರ ಇಡುವವರೇ ಜಾಸ್ತಿ.

ಆ 15 ಗೊಂಬೆಗಳನ್ನು ಮೇಲಿನಿಂದ ಕೆಳಗೆ ಎಣಿಸಿ ನೋಡಿ. ಮೊದಲು ರಾಜ ರಾಣಿ, ಇಬ್ಬರು: ‘ಫುತಾರಿ’. ಕೆಳಗೆ ಅರಮನೆಯ ಹೆಂಗಸರು, ಮೂವರು: ‘ಸನ್ನಿನ್’. ಅದರ ಕೆಳಗೆ ವಾದ್ಯದವರು, ಐವರು: ‘ಗೊನಿನ್’. ಆಮೇಲೆ ಕಾವಲಿನ ಇಬ್ಬರು, ಕೊನೆಗೆ ಸೇವಕರು ಮೂವರು. ಜಪಾನಿಯಲ್ಲಿ ಜನರನ್ನು ಎಣಿಸುವ ಪದಗಳೇ ಬೇರೆ, ವಸ್ತುಗಳನ್ನು ಎಣಿಸುವ ಪದಗಳೇ ಬೇರೆ. ಹೊರಗಿನವರಿಗೆ ಇದು ತಲೆನೋವು. ನಾವು ಹುಟ್ಟಿದಾಗಿನಿಂದ ‘ಎರಡು ಕುರ್ಚಿ, ಇಬ್ಬರು ಅತಿಥಿ’ ಅಂತಲೇ ಹೇಳಿಕೊಂಡು ಬಂದವರು. ಒಬ್ಬ, ಇಬ್ಬರು ಅನ್ನುವ ಹಾಗೇ ಹಿತೊರಿ, ಫುತಾರಿ. ಈ ಎರಡು ಲೆಕ್ಕಕ್ಕೆ ಸಿಗದವು, ಉಳಿದವು ಸರಾಗ.

ಹಬ್ಬ ಮುಗಿದ ಮೇಲೆ ಗೊಂಬೆಗಳನ್ನು ಬೇಗ ತೆಗೆದಿಡಬೇಕಂತೆ. ಇಲ್ಲದಿದ್ದರೆ ಮಗಳ ಮದುವೆ ತಡವಾಗುತ್ತದೆ ಅನ್ನುವುದು ಹಳಬರ ಮಾತು. ಅಜ್ಜಿಯಂದಿರು ಎಲ್ಲಾ ಕಡೆ ಒಂದೇ.

ಸೆತ್ಸುಬುನ್ ಮತ್ತು ಇದರ ನಡುವೆ ಆರಿಸಬೇಕೆಂದರೆ, ಒಂದು ವಾಕ್ಯವೂ ಬಾರದವರು ಅದನ್ನು ಹಿಡಿಯಲಿ. ನಾಲ್ಕು ವಾಕ್ಯ ಬಂದು ಎಣಿಕೆಯಲ್ಲಿ ಮುಗ್ಗರಿಸುವವರು ಇದನ್ನು.

ತಾರೀಕುಗಳ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಜಪಾನಿಯಲ್ಲಿ ತಿಂಗಳ ಮೊದಲ ಹತ್ತು ದಿನಗಳಿಗೆ ವಿಚಿತ್ರ ಹೆಸರುಗಳಿವೆ, ಬಾಯಿಪಾಠ ಮಾಡಲೇಬೇಕು. ಹಳೆಯ ಹಬ್ಬಗಳು ಬೆಸ ಸಂಖ್ಯೆಯ ಜೋಡಿ ದಿನಗಳಲ್ಲಿ ಬರುವುದರಿಂದ ಕೆಲಸ ಅರ್ಧ ಆಗುತ್ತದೆ. ಮಾರ್ಚ್ 3 ಸಂಗತ್ಸು ಮಿಕ್ಕಾ. ಮಕ್ಕಳ ದಿನ ಮೇ 5, ಗೊಗತ್ಸು ಇತ್ಸುಕಾ. ಜುಲೈ 7 ಶಿಚಿಗತ್ಸು ನನೊಕಾ. ಸೇವಂತಿಗೆಯ ಹಬ್ಬ ಸೆಪ್ಟೆಂಬರ್ 9, ಕುಗತ್ಸು ಕೊಕೊನೊಕಾ. 4ನೇ ತಾರೀಕು ‘ಯೊಕ್ಕಾ’, 8ನೇ ತಾರೀಕು ‘ಯೋಕಾ’. ಒಂದರಲ್ಲಿ ಒತ್ತು, ಇನ್ನೊಂದರಲ್ಲಿ ದೀರ್ಘ. ಇದು ತಪ್ಪಿದರೆ ಮೀಟಿಂಗೇ ತಪ್ಪಿಹೋಗುತ್ತದೆ.

ಹನಮಿ: ಹೋಗಿ ನೋಡಿ, ಆದರೆ ಅಲ್ಲಿಂದ ಶುರು ಮಾಡಬೇಡಿ

ಎಲ್ಲರೂ ಮೊದಲು ಕೇಳುವುದು ಸಕುರಾ, ಅಂದರೆ ಚೆರ್ರಿ ಹೂವಿನ ಬಗ್ಗೆ. ಅದನ್ನು ನೋಡಲು ಹೋಗುವುದೇ ಹನಮಿ. ಚಂದವೇನೋ ಹೌದು. ಓಕಿನಾವಾದಲ್ಲಿ ಜನವರಿಗೇ ಅರಳಿ, ಮಾರ್ಚ್ ಕೊನೆಗೆ ಟೋಕಿಯೋ ಮುಟ್ಟಿ, ಹೊಕ್ಕೈಡೋ ತಲುಪುವ ಹೊತ್ತಿಗೆ ಏಪ್ರಿಲ್ ಮುಗಿಯುತ್ತಾ ಬಂದಿರುತ್ತದೆ. ಟೋಕಿಯೋದ ಯಾಸುಕುನಿ ದೇಗುಲದ ಆವರಣದಲ್ಲಿ ಲೆಕ್ಕಕ್ಕೆ ಅಂತಲೇ ಒಂದು ಮರ ಇದೆ. ಅದರಲ್ಲಿ ಐದಾರು ಹೂ ಬಿಟ್ಟರೆ ಹವಾಮಾನ ಇಲಾಖೆ ‘ಕಾಯ್ಕಾ’ ಅಂತ, ಅಂದರೆ ಹೂ ಬಿಡಲು ಶುರುವಾಯಿತು ಅಂತ ಘೋಷಿಸುತ್ತದೆ.

ಆದರೆ ಈ ಹಬ್ಬದಲ್ಲಿ ಸಿಗುವುದು ಬಿಡಿ ಪದಗಳು. ಪೂರ್ತಿ ಅರಳಿದ್ದಕ್ಕೆ ಒಂದು, ಗಾಳಿಗೆ ಹಿಮದ ಹಾಗೆ ಉದುರುವುದಕ್ಕೆ ಒಂದು, ಎಲೆ ಚಿಗುರಿದ ಮರಕ್ಕೆ ಇನ್ನೊಂದು. ಕವಿತೆ ಬರೆಯುವವರಿಗೆ ಹಬ್ಬದೂಟ. ಹೊಸಬರಿಗೆ ವಾಕ್ಯ ಕಟ್ಟಲು ಇಲ್ಲಿ ಏನೂ ಸಿಗುವುದಿಲ್ಲ. ಒಂದು ಗಾದೆ ಮಾತ್ರ ಕಲಿಯಿರಿ: ‘ಹನಾ ಯೊರಿ ದಂಗೊ’. ಹೂವಿಗಿಂತ ಕಡುಬೇ ಮೇಲು. ನಮ್ಮದು ಇದರ ತದ್ವಿರುದ್ಧ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ‘ಯೊರಿ’ ಅಂದರೆ ‘ಗಿಂತ’, ಅದೂ ನಾಮಪದ ಆದಮೇಲೆಯೇ ಬರುತ್ತದೆ, ಕನ್ನಡದ ಹಾಗೆ.

ತನಬತ: ಬರೆಯುವ ಧೈರ್ಯಕ್ಕೆ

ಜುಲೈ 7. ನೇಯುವವಳು ಒರಿಹಿಮೆ, ದನ ಕಾಯುವವನು ಹಿಕೊಬೊಶಿ. ಆಕಾಶಗಂಗೆಯ ಆಚೆ ಈಚೆ ಇರುವ ಇಬ್ಬರೂ ವರ್ಷಕ್ಕೆ ಒಂದೇ ರಾತ್ರಿ ಸೇರುತ್ತಾರೆ. ಜನ ತಮ್ಮ ಆಸೆಗಳನ್ನು ಬಣ್ಣದ ಕಾಗದದ ಪಟ್ಟಿಯಲ್ಲಿ ಬರೆದು ಬಿದಿರಿನ ಕೊಂಬೆಗೆ ಕಟ್ಟುತ್ತಾರೆ. 1873ರಲ್ಲಿ ಜಪಾನ್ ಹೊಸ ಕ್ಯಾಲೆಂಡರಿಗೆ ಬದಲಾದಾಗ ಹಬ್ಬದ ತಾರೀಕು ಹಾಗೇ ಉಳಿಯಿತು, ಋತು ಜಾರಿತು. ಈಗ ಜುಲೈ 7 ಮಳೆಗಾಲದ ನಡುವೆ ಬೀಳುತ್ತದೆ, ನಕ್ಷತ್ರ ಕಾಣುವುದೇ ಅಪರೂಪ. ಸೆಂಡಾಯ್ ಊರಿನವರು ಜಾಣರು, ಆಗಸ್ಟ್ 6ರಿಂದ 8ರವರೆಗೆ ಮಾಡುತ್ತಾರೆ.

ಆ ಪಟ್ಟಿಯ ಮೇಲೆ ಬರೆಯುವುದು ಒಂದೇ ವಾಕ್ಯ. ಸ್ವಲ್ಪ ಕಲಿತವರು ‘ನಿಹೊನ್ ಎ ಇಕಿತಾಯ್’ ಅಂತ ಬರೆಯಬಹುದು, ಜಪಾನಿಗೆ ಹೋಗಬೇಕು. ಈ ‘ತಾಯ್’ ನಿಮಗೆ 13ನೇ ಪಾಠದಲ್ಲಿ ಸಿಗುತ್ತದೆ. ಆದರೆ ಜಪಾನಿನವರು ಬರೆಯುವುದು ‘ಹೋಗುವಂತಾಗಲಿ’, ‘ಗುಣವಾಗಲಿ’ ಅನ್ನುವ ಧಾಟಿಯಲ್ಲಿ. ಅದಕ್ಕೆ ವಾಕ್ಯದ ಕೊನೆಗೆ ಬೇರೆಯೇ ಪ್ರತ್ಯಯ ಬರುತ್ತದೆ. ಅದನ್ನು ಕನ್ನಡ ಅಕ್ಷರದಲ್ಲಿ ಕೂಡಿಸಿ ಬರೆದರೆ ಎಡವಟ್ಟಾಗುತ್ತದೆ, ಹಿರಗಾನದಲ್ಲೇ ಬರೆಯಿರಿ: ಯೊ, ಉ, ನಿ, ಮೂರೇ ಅಕ್ಷರ.

ಪರೀಕ್ಷೆ ಬರೆಯುವವರಿಗೆ ನಾನು ಹೇಳುವ ಹಬ್ಬ ಇದೇ. ಜೆಎಲ್‌ಪಿಟಿ ವರ್ಷಕ್ಕೆ ಎರಡು ಸಲ, ಜುಲೈ ಮತ್ತು ಡಿಸೆಂಬರ್‌ನ ಮೊದಲ ಭಾನುವಾರ. ಬೆಂಗಳೂರಿನಲ್ಲೂ ಕೇಂದ್ರ ಇದೆ. 2024ರಲ್ಲಿ ಜುಲೈ ಪರೀಕ್ಷೆ ಸರಿಯಾಗಿ ತನಬತದ ದಿನವೇ ಬಿದ್ದಿತ್ತು. ಆವತ್ತು ಬಿದಿರಿಗೆ ಯಾರು ಏನು ಕೇಳಿಕೊಂಡಿರಬಹುದು ಅಂತ ಬೇರೆ ಹೇಳಬೇಕಾ?

ಓಬೋನ್: ಹೋಗಿ ಬರುವವರ ಹಬ್ಬ

ನಮ್ಮ ಪಿತೃಪಕ್ಷದ ಹಾಗೆ. ಹೆಚ್ಚಿನ ಕಡೆ ಆಗಸ್ಟ್ 13ರಿಂದ 16, ಟೋಕಿಯೋದ ಹಲವರು ಜುಲೈನಲ್ಲೇ ಮಾಡುತ್ತಾರೆ. ಹೆಸರು ಸಂಸ್ಕೃತದ ‘ಉಲ್ಲಂಬನ’ದಿಂದ ಬಂತು ಅನ್ನುವುದು ಸಾಂಪ್ರದಾಯಿಕ ವಿವರಣೆ. ಹಿರಿಯರು ಮನೆಗೆ ಬರುತ್ತಾರೆ, ನಾಲ್ಕು ದಿನ ಇದ್ದು ಹೋಗುತ್ತಾರೆ. ಸೌತೆಕಾಯಿಗೆ ನಾಲ್ಕು ಕಡ್ಡಿ ಚುಚ್ಚಿ ಕುದುರೆ ಮಾಡುತ್ತಾರೆ, ಅವರು ಬೇಗ ಬರಲಿ ಅಂತ. ಬದನೆಕಾಯಿಗೆ ಕಡ್ಡಿ ಚುಚ್ಚಿ ಹಸು ಮಾಡುತ್ತಾರೆ, ಹೋಗುವಾಗ ನಿಧಾನವಾಗಿ ಹೋಗಲಿ ಅಂತ. ನಾನು ಮೊದಲ ಸಲ ಇದನ್ನು ಕೇಳಿದಾಗ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಇಕು ಹೋಗು, ಕುರು ಬರು, ಕಾಯೆರು ಮರಳು. ಈ ಮೂರು ಕ್ರಿಯಾಪದಗಳನ್ನು ಇಷ್ಟು ಚೆನ್ನಾಗಿ ಹಿಡಿಸುವ ಹಬ್ಬ ಇನ್ನೊಂದಿಲ್ಲ. ‘ಕಾಯೆರು’ ಅನ್ನುವುದನ್ನು ತಮ್ಮದೇ ಜಾಗಕ್ಕೆ ವಾಪಸಾಗುವಾಗ ಬಳಸುತ್ತಾರೆ. ಓಬೋನ್‌ಗೆ ಊರಿಗೆ ಹೋಗುವವರಿಗೂ ಅದೇ, ಮನೆಗೆ ಬರುವ ಹಿರಿಯರಿಗೂ ಅದೇ.

ಇಲ್ಲಿ ಕನ್ನಡಿಗರಿಗೆ ಒಂದು ಬೋನಸ್ ಇದೆ. ಮನೆಯಿಂದ ಹೊರಡುವಾಗ ಜಪಾನಿನವರು ‘ಇತ್ತೆ ಕಿಮಸು’ ಅನ್ನುತ್ತಾರೆ. ಇತ್ತೆ ಅಂದರೆ ಹೋಗಿ, ಕಿಮಸು ಅಂದರೆ ಬರುತ್ತೇನೆ. ಹೋಗಿ ಬರ್ತೀನಿ! ಒಳಗಿನಿಂದ ಬರುವ ಉತ್ತರ ‘ಇತ್ತೆರಶ್ಶಾಯ್’, ಹೋಗಿ ಬನ್ನಿ. ‘ಹೋಗ್ತೀನಿ ಅನ್ನಬೇಡ, ಹೋಗಿ ಬರ್ತೀನಿ ಅನ್ನು’ ಅಂತ ಬೈಸಿಕೊಂಡು ಬೆಳೆದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ‘ತಬೆತೆ ಮಿರು’ ಅಂದರೆ ತಿಂದು ನೋಡು. ‘ತಬೆತೆ ಶಿಮತ್ತಾ’ ಅಂದರೆ ತಿಂದುಬಿಟ್ಟೆ. ಇಂಗ್ಲಿಷಿಗೆ ಅನುವಾದಿಸಿ ಅರ್ಥ ಮಾಡಿಕೊಳ್ಳಲು ಹೋದರೆ ಒಂದೊಂದಕ್ಕೂ ಒಂದು ಗಂಟೆ. ಕನ್ನಡದ ಮೇಲೆ ಇಟ್ಟರೆ ಅಚ್ಚು ಹಾಕಿದ ಹಾಗೆ ಕೂರುತ್ತದೆ.

ಆಗಸ್ಟ್ 16ರ ರಾತ್ರಿ ಕ್ಯೋಟೋದಲ್ಲಿ ಬೆಟ್ಟಗಳ ಮೇಲೆ ಬೆಂಕಿ ಹಚ್ಚಿ ಹಿರಿಯರನ್ನು ಬೀಳ್ಕೊಡುತ್ತಾರೆ. ಮೊದಲ ಬೆಟ್ಟದ ಮೇಲೆ ಉರಿಯುವುದು ಒಂದು ಕಾಂಜಿ, ಅಂದರೆ ಚೀನಾದಿಂದ ಬಂದ ಲಿಪಿಯ ಅಕ್ಷರ, ಕೈಕಾಲು ಅಗಲಿಸಿ ನಿಂತ ಮನುಷ್ಯನ ಹಾಗೆ ಕಾಣುತ್ತದೆ. ‘ದಾಯ್’, ದೊಡ್ಡದು. ಕಾಂಜಿ ಕಲಿಯಲು ಹೆದರುವವರು ಆ ಒಂದು ಚಿತ್ರ ನೋಡಿ ಸಾಕು.

ಪ್ರವಾಸ ಹೋಗುವವರಿಗೆ ಒಂದು ಮಾತು. ಆ ವಾರ ರೈಲು, ರಸ್ತೆ ಎಲ್ಲ ತುಂಬಿ ತುಳುಕುತ್ತದೆ. ನೋಡಲು ಹೋಗುವುದಾದರೆ ಟಿಕೆಟ್ ಮೊದಲೇ ಮಾಡಿಸಿ.

ವರ್ಷದ ಕೊನೆ, ವರ್ಷದ ಮೊದಲು

ಜಪಾನಿನವರ ಜೊತೆ ಕೆಲಸ ಮಾಡುವವರು ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡುವ ಹಾಗಿಲ್ಲ. ಇದೇ ದೊಡ್ಡ ಹಬ್ಬ, ಕಷ್ಟದ್ದೂ ಇದೇ. ಡಿಸೆಂಬರ್ ಕೊನೆಯಿಂದ ಜನವರಿ 3ರವರೆಗೆ ಮೇಲ್‌ಗೆ ಉತ್ತರ ಬರುವುದಿಲ್ಲ, ಕಾಯಬೇಡಿ.

ಇದು ‘ಮಾಡಿಡುವ’ ಹಬ್ಬ. ಮನೆಯೆಲ್ಲ ತೊಳೆದಿಡುತ್ತಾರೆ. ‘ಓಸೆಚಿ’ ಅನ್ನುವ ಹಬ್ಬದಡುಗೆ ಮಾಡಿ ಪೆಟ್ಟಿಗೆಗಳಲ್ಲಿ ತುಂಬಿಡುತ್ತಾರೆ, ಮೂರು ದಿನ ಒಲೆ ಹಚ್ಚುವ ಕೆಲಸ ಇಲ್ಲದ ಹಾಗೆ. ಮಾಡಿಡು, ತಂದಿಡು, ಬರೆದಿಡು ಅನ್ನುವಲ್ಲಿನ ‘ಇಡು’ ಜಪಾನಿಯಲ್ಲಿ ‘ಒಕು’. ತ್ಸುಕುತ್ತೆ ಒಕು, ಮಾಡಿಡು. 30ನೇ ಪಾಠ. ಆ ಪಾಠಕ್ಕೆ ಬಂದಾಗ ಡಿಸೆಂಬರ್ ಆಗಿದ್ದರೆ ನಿಮ್ಮ ಅದೃಷ್ಟ.

ಆ ಪೆಟ್ಟಿಗೆಯಲ್ಲಿರುವುದೆಲ್ಲ ಶ್ಲೇಷೆ. ಕಪ್ಪು ಕಾಳು ‘ಮಾಮೆ’, ಮೈ ಬಗ್ಗಿಸಿ ದುಡಿಯುವುದಕ್ಕೂ ಅದೇ ಶಬ್ದ. ‘ಕೊಂಬು’ ಸಮುದ್ರದ ಪಾಚಿ, ಅದರಲ್ಲಿ ‘ಯೊರೊಕೊಬು’ ಅಂದರೆ ಖುಷಿ ಅಡಗಿದೆ. ‘ತಾಯ್’ ಅನ್ನುವ ಮೀನು ‘ಮೆದೆತಾಯ್’ ಅನ್ನುವ ಶುಭದ ಪದದಲ್ಲಿದೆ. ಡಿಸೆಂಬರ್ 31ರ ರಾತ್ರಿ ಬೌದ್ಧ ದೇವಾಲಯಗಳಲ್ಲಿ 108 ಸಲ ಗಂಟೆ ಹೊಡೆಯುತ್ತಾರೆ. ನಿಧಿಯ ಹಡಗಿನಲ್ಲಿ ಬರುವ ಏಳು ಅದೃಷ್ಟ ದೇವತೆಗಳಲ್ಲಿ ಬೆನ್‌ಝಾಯ್‌ತೆನ್ ಅನ್ನುವವಳು ನಮ್ಮ ಸರಸ್ವತಿಯೇ.

ಮಕ್ಕಳಿಗೆ ಲಕೋಟೆಯಲ್ಲಿ ದುಡ್ಡು ಕೊಡುತ್ತಾರೆ, ‘ಒತೊಶಿದಾಮಾ’. ನಾನು ಕೊಟ್ಟರೆ ‘ಅಗೆರು’, ನನಗೆ ಕೊಟ್ಟರೆ ‘ಕುರೆರು’. ನಮಗೆ ಎರಡಕ್ಕೂ ‘ಕೊಡು’ ಒಂದೇ ಆದ್ದರಿಂದ ಇಲ್ಲಿ ಮಾತ್ರ ಕನ್ನಡ ಕೈ ಕೊಡುತ್ತದೆ. ‘ತಾ ಇಲ್ಲಿ’ ಅನ್ನುತ್ತೇವಲ್ಲ, ಆ ‘ತಾ’ದ ದಿಕ್ಕು ನೆನಪಿಟ್ಟುಕೊಂಡರೆ ಕುರೆರು ಸ್ವಲ್ಪ ಹಿಡಿತಕ್ಕೆ ಬರುತ್ತದೆ.

ಹಾಗೇ ಸುಮ್ನೆ ಎಲ್ಲರಿಗೂ ಶುಭಾಶಯ ಹೇಳಬೇಡಿ. ಆ ವರ್ಷ ಮನೆಯಲ್ಲಿ ಸಾವಾಗಿದ್ದರೆ ‘ಒಮೆದೆತೋ’ ಅನ್ನುವುದಿಲ್ಲ, ಹೊಸ ವರ್ಷದ ಕಾರ್ಡೂ ಕಳಿಸುವುದಿಲ್ಲ. ಅಂಥವರು ಡಿಸೆಂಬರ್‌ಗೆ ಮೊದಲೇ ಕಾರ್ಡ್ ಬರೆದು ತಿಳಿಸಿರುತ್ತಾರೆ. ನಮ್ಮಲ್ಲೂ ವರ್ಷದೊಳಗೆ ಹಬ್ಬ ಮಾಡುವುದಿಲ್ಲವಲ್ಲ, ಹಾಗೆ.

ಆ ಕಾರ್ಡಿಗೆ ‘ನೆಂಗಾಜೋ’ ಅಂತ ಹೆಸರು. ಸರಿಯಾಗಿ ಜನವರಿ 1ಕ್ಕೇ ಕೈಸೇರಬೇಕು. ಕಳಿಸುವವರು ಈಗ ಕಡಿಮೆಯಾಗಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಅಂಚೆ ಕಾರ್ಡಿನ ಬೆಲೆ 63 ಯೆನ್‌ನಿಂದ 85ಕ್ಕೆ ಏರಿತು. ಆದರೂ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮನೆಪಾಠ ಇಲ್ಲ. ಬರೆಯಬೇಕಾದ್ದು ಎರಡೇ ಸಾಲು. ಮೊದಲನೆಯದು ನಾನು ಡಿಸೆಂಬರ್ 27ಕ್ಕೆ ಹೇಳಿದ್ದು. ಎರಡನೆಯದು ‘ಕೊತೊಶಿ ಮೊ ಯೊರೊಶಿಕು ಒನೆಗಾಯ್ ಶಿಮಸು’, ಈ ವರ್ಷವೂ ನಮ್ಮ ಮೇಲೆ ಪ್ರೀತಿ ಇರಲಿ.

ವಿಡಿಯೋ ಕಾಲ್‌ನ ಆ ಹಿರಿಯರಿಗೆ ಮುಂದಿನ ವರ್ಷ ಬೆಂಗಳೂರಿನಿಂದ ಒಂದು ಕಾರ್ಡ್ ಬರೆದೆ. ಡಿಸೆಂಬರ್ 22ಕ್ಕೆ ಪೋಸ್ಟ್ ಮಾಡಿದ್ದೆ, ತಲುಪಿದ್ದು ಜನವರಿ 16ಕ್ಕೆ. ಹೊಸ ವರ್ಷದ ಮಾತು ಟೋಕಿಯೋ ಕಡೆ ಜನವರಿ 7ರವರೆಗೆ ನಡೆಯುತ್ತದೆ, ಒಸಾಕಾ ಕಡೆ 15ರವರೆಗೆ. ಎರಡೂ ದಾಟಿತ್ತು. ಹೋದ ಸಲ ಬೇಗ, ಈ ಸಲ ತಡ. ಅವರಿಂದ ಉತ್ತರವಾಗಿ ಒಂದು ಕಾರ್ಡ್ ಬಂತು. ಅದರಲ್ಲಿ ಒಮೆದೆತೋ ಇರಲಿಲ್ಲ. ತಡವಾದಾಗ ಬರೆಯಬೇಕಾದ್ದು ಅದಂತೆ: ‘ಕಾಂಚೂ ಮಿಮಾಯ್’, ಚಳಿ ಜೋರಾಗಿದೆ, ಹುಷಾರಾಗಿದ್ದೀರಾ?